ಬೆತ್ತ ಆರಿಸಿದಂತೆ ಫೋನ್ ಆರಿಸಿದ ದುರ್ಗಪ್ಪ

ದಾಂಡೇಲಿಯ ದುರ್ಗಪ್ಪನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಗೆಳೆಯನ ಫೋನಿನಿಂದ.

ದುರ್ಗಪ್ಪನಿಗೆ ಕಣ್ಣು ಕಾಣುವುದಿಲ್ಲ. ಆದರೆ ಕುರ್ಚಿಗೆ ಬೆತ್ತ ಹೆಣೆಯಲು ಕೂತರೆ ಅವನನ್ನು ಹಿಡಿಯುವವರಿಲ್ಲ. ಅಪ್ಪ ಧಾರವಾಡದ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆ ಬಂದವನು. ಮಗ ಊರಿನ ಮನೆಗಳ ಕುರ್ಚಿ ಹೆಣೆದೇ ಸಂಸಾರ ನಡೆಸಿದ. ಈಗ ಮನೆಮನೆಗೂ ಪ್ಲಾಸ್ಟಿಕ್ ಕುರ್ಚಿ ಬಂದು ಕೂತಿದೆ. ಬೆತ್ತ ಬೇಕೆನ್ನುವವರು ಜೋಯಿಡಾ ಕಡೆಯ ರೆಸಾರ್ಟಿನವರು ಮಾತ್ರ. ಅಲ್ಲಿನ ಒಬ್ಬ ಮೇಡಂ ಬೆತ್ತದ ಕೆಲಸಗಾರರನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಕೆಲಸವಿದ್ದರೆ ಅದರಲ್ಲಿ ಬರೆಯುತ್ತಿದ್ದರು. ಮೊದಲು ಒಪ್ಪಿಕೊಂಡವರಿಗೆ ಕೆಲಸ.

ದುರ್ಗಪ್ಪನದು ಹಳೆಯ ಗುಂಡಿ ಫೋನು, ಅದರಲ್ಲಿ ವಾಟ್ಸಾಪ್ ಇಲ್ಲ. ಸಂದೇಶ ಬರುತ್ತಿದ್ದುದು ಹೆಂಡತಿ ಅನ್ನಪೂರ್ಣಾಳ ಫೋನಿಗೆ. ಅವಳು ಕೂಲಿ ಮುಗಿಸಿ ಬಂದು ಓದುವಷ್ಟರಲ್ಲಿ ಕೆಲಸ ಗೆಳೆಯ ಸ್ಟೀವನ್ನನ ಪಾಲಾಗಿರುತ್ತಿತ್ತು.

ಸ್ಟೀವನ್ ಹಳಿಯಾಳ ಕಡೆಯ ಸಿದ್ದಿ ಸಮುದಾಯದವನು. ಅವನಿಗೂ ಕಣ್ಣಿಲ್ಲ. ಇಬ್ಬರೂ ಒಂದೇ ಕಡೆ ಬೆತ್ತದ ಕೆಲಸ ಕಲಿತವರು.

"ಅಂವಾ ಹೆಣದದ್ದು ಮುಟ್ಟಿ ನೋಡೀಯೇನ? ಎಲ್ಲಾ ಸಡ್ಲ! ಕಲಿಯೂ ಮುಂದ ನಾನ ಬಿಗದು ಕೊಡ್ತಿದ್ದೆ. ಈಗ ಕೆಲಸ ಎಲ್ಲಾ ಅವಂಗ!" ಎಂದು ದುರ್ಗಪ್ಪ ಹಲ್ಲು ಕಡಿದ.

"ಅವರ ಫೋನ್ ಮಾತಾಡತೈತ್ರಿ. ಬಂದದ್ದನ್ನ ತಾನ ಓದಿ ಹೇಳತೈತಿ," ಎಂದಳು ಅನ್ನಪೂರ್ಣಾ. "ಅವರನ್ನ ಕೇಳಿ ನೀವೂ ಒಂದು ತಗೋರಿ."

"ನಾ ಹೋಗಿ ಅವನ್ನ ಕೇಳೂದಾ? ಅವಂಗಿಂತ ದೊಡ್ಡದು ತರ್ತೇನಿ, ನೋಡ್ತಿರು."

ಮರುದಿನವೇ ಆಟೊ ಹತ್ತಿ ಅಂಗಡಿಗೆ ಹೋದ. ಅಂಗಡಿಯವನು ಒಂದೊಂದೇ ಫೋನ್ ಕೈಗಿಟ್ಟ. ದುರ್ಗಪ್ಪ ಬೆತ್ತ ಆರಿಸುವವನಲ್ಲವೇ? ಬೆತ್ತಕ್ಕೆ ಮಾಡುವುದನ್ನೇ ಫೋನಿಗೂ ಮಾಡಿದ. ತೂಕ ನೋಡಿದ. ಹೆಬ್ಬೆರಳು ಎಳೆದು ನುಣುಪು ನೋಡಿದ. ಎಲ್ಲಕ್ಕಿಂತ ಭಾರದ್ದನ್ನು, ಎಲ್ಲಕ್ಕಿಂತ ಅಗಲದ್ದನ್ನು ಎದೆಗೆ ಅವಚಿಕೊಂಡ. ಅದನ್ನು ಅಂಗಡಿಯಲ್ಲಿ ಒಮ್ಮೆಯೂ ಮಾತಾಡಿಸಲಿಲ್ಲ. ಸ್ಟೀವನ್ನನ ದನಿ ಸಪ್ಪಗಾಗುವುದನ್ನು ನೆನೆಸಿಕೊಂಡು ದಾರಿಯುದ್ದಕ್ಕೂ ಒಳಗೊಳಗೇ ನಕ್ಕ.

ನಗು ಮನೆಯ ತನಕ ಅಷ್ಟೇ. ಅನ್ನಪೂರ್ಣಾ ಸೆಟ್ಟಿಂಗ್ ಹುಡುಕಿ, ಫೋನ್ ಓದಿ ಹೇಳುವಂತೆ ಮಾಡುವ ಟಾಕ್‌ಬ್ಯಾಕ್ ಹಾಕಿಕೊಟ್ಟಳು. ವಾಟ್ಸಾಪ್ ಹಾಕಿ, ಮೇಡಂಗೆ ಹೇಳಿ ಗುಂಪಿಗೂ ಸೇರಿಸಿದಳು. ದನಿ ಹೊರಟಿತು, ಆದರೆ ಬೆರಳು ಮುಂದೆ ಹೋದ ಮೇಲೆ ಹಿಂದಿನದನ್ನು ಓದುತ್ತಿತ್ತು. ಓದಿದ್ದೂ ಇಂಗ್ಲಿಷಿನಲ್ಲಿ, ಅದೂ ಗಂಟಲು ಕಟ್ಟಿದವರ ಹಾಗೆ. ಫೋನಿನ ಭಾರವೆಲ್ಲ ಬ್ಯಾಟರಿಯದು. ಒಳಗೆ ಚುರುಕಿಗೆ ಬೇಕಾದ ರ್‍ಯಾಮ್ ಇರಲಿಲ್ಲ. ಬೆರಳಿಟ್ಟು ತೆರೆಯುವ ಸೌಲಭ್ಯವೂ ಇಲ್ಲ. ಪ್ರತಿ ಸಲ ಅಂಕಿ ಒತ್ತಿ ತೆರೆಯಬೇಕು.

ಆ ವಾರವೇ ಮೇಡಂ ಅವರ ಸಂದೇಶ ಬಂತು. ಅನ್ನಪೂರ್ಣಾ ಕೆಲಸಕ್ಕೆ ಹೋಗಿದ್ದಳು. ದುರ್ಗಪ್ಪ ಅಂಕಿ ತಪ್ಪಿ, ಮತ್ತೆ ಒತ್ತಿ, ಬೆವರಿ ಒದ್ದೆಯಾದ. ಸಂಜೆ ಅವಳು ಬಂದು ಓದಿದಳು: ಕೆಲಸ ಸ್ಟೀವನ್ನನಿಗೆ ಹೋಗಿತ್ತು. ದುರ್ಗಪ್ಪ ಅಂದು ಊಟ ಮಾಡಲಿಲ್ಲ. ಹೀಗೇ ಆದರೆ ಬೆತ್ತದ ಕೆಲಸವನ್ನೇ ಬಿಡಬೇಕಾಗುತ್ತದೆ ಎಂಬ ಭಯ ಅವನಿಗೆ ಮೊದಲ ಬಾರಿ ಹತ್ತಿತು.

ಅನ್ನಪೂರ್ಣಾಳೇ ಸ್ಟೀವನ್ನನನ್ನು ಕರೆಸಿದಳು. ಅವನು ಬಸ್ ಹಿಡಿದು ಬಂದ.

"ನನ್ನ ಯಾಕ ಕೇಳಲಿಲ್ಲೋ ದುರ್ಗ್ಯಾ?"

"ಹೊಟ್ಟಿಕಿಚ್ಚಪ್ಪಾ! ನನ್ನ ಕೈಕೆಲಸ ಛಲೋ, ನಿನ್ನ ನಸೀಬ ಛಲೋ. ಹೆಂಗ ಕೇಳ್ಲಿ?"

ಸ್ಟೀವನ್ ಗಹಗಹಿಸಿ ನಕ್ಕ. "ನಿನ್ನ ಕೈಕೆಲಸ ಛಲೋ, ಒಪ್ಪಿದೆ. ಆದ್ರ ನೀ ಬೆತ್ತ ಆರಿಸಿದಂಗ ಫೋನ್ ಆರಿಸಿದಿ. ಬೆತ್ತಾ ಕೈಗೆ ಹೇಳತೈತಿ, ಫೋನ್ ಕಿವಿಗೆ ಹೇಳ್ಬೇಕೋ ಮಾರಾಯಾ. ಏಳ, ಹೋಗೂಣು."

ಅಂಗಡಿಯವನು ಗೊಣಗಿ, ಒಂದಿಷ್ಟು ಹಣ ಮುರಿದುಕೊಂಡು ಬದಲಿ ಕೊಡಲು ಒಪ್ಪಿದ. ಈ ಸಲ ದುರ್ಗಪ್ಪ ಪ್ರತಿ ಫೋನಿನಲ್ಲೂ ಟಾಕ್‌ಬ್ಯಾಕ್ ಹಾಕಿಸಿದ. ಕನ್ನಡ ದನಿ ಹಾಕಿಸಿದ. ತನ್ನ ಬೆರಳಿನಿಂದಲೇ ಸರಸರ ಎಳೆದು, ದನಿ ಹಿಂದೆ ಬೀಳುತ್ತದೆಯೇ ಎಂದು ಕೇಳಿದ. ಹೊರಗೆ ರಸ್ತೆಗೆ ತಂದು, ಬಸ್ಸಿನ ಸದ್ದಿನಲ್ಲಿ ಕೇಳಿಸುತ್ತದೆಯೇ ಎಂದು ನೋಡಿದ. ಗುಂಡಿಗಳು ಬೆರಳಿಗೆ ಬೇರೆಬೇರೆಯಾಗಿ ಸಿಗುತ್ತವೆಯೇ, ಬೆರಳಿಟ್ಟರೆ ತೆರೆಯುತ್ತದೆಯೇ, ಇಯರ್‌ಫೋನ್ ಹಾಕಲು ಜಾಗವಿದೆಯೇ ಎಂದೂ ನೋಡಿದ. ಕೊನೆಗೆ ಆರಿಸಿದ್ದು ಮೊದಲಿನದಕ್ಕಿಂತ ಸಣ್ಣದು, ಹಗುರ. ಸಿಮ್ ಬದಲಿಸಿ, ವಾಟ್ಸಾಪ್ ಹಾಕಿಸಿ, ಗುಂಪು ತೆರೆದುಕೊಟ್ಟದ್ದೂ ಸ್ಟೀವನ್ನನೇ. ಮೂರ್ನಾಲ್ಕು ದಿನ ಬಂದು ಕೂತು ಕಲಿಸಿದವನೂ ಅವನೇ.

ಕೊನೆಯ ದಿನ ಅವನನ್ನು ಕಳಿಸಲು ದುರ್ಗಪ್ಪ ಬಸ್ ಸ್ಟ್ಯಾಂಡಿಗೆ ಹೋದ. ಸ್ಟೀವನ್ ಜಂಬ ಕೊಚ್ಚುತ್ತಿದ್ದ. "ಈ ಗುಂಪಿನ್ಯಾಗ ನನಗಿಂತ ಮೊದ್ಲ ಉತ್ತರಾ ಕೊಟ್ಟಂವ ಇನ್ನೂ ಹುಟ್ಟಿಲ್ಲ..."

ಇಬ್ಬರ ಜೇಬೂ ಒಟ್ಟಿಗೇ ಸದ್ದು ಮಾಡಿದವು. ದುರ್ಗಪ್ಪನ ಫೋನ್ ಕನ್ನಡದಲ್ಲಿ ಓದಿತು: "ಜಗಲಿಗೆ ಹನ್ನೆರಡು ಕುರ್ಚಿ. ಯಾರು ಬರುತ್ತೀರಿ?"

ಸ್ಟೀವನ್ ಮಾತು ನಿಲ್ಲಿಸಿ ಫೋನ್ ತೆಗೆಯುವಷ್ಟರಲ್ಲಿ ದುರ್ಗಪ್ಪ ದನಿ ಸಂದೇಶ ಕಳಿಸಿಬಿಟ್ಟಿದ್ದ: "ನಾ ದುರ್ಗಪ್ಪ ರೀ ಮೇಡಂ. ನಾಳೇನ ಬರ್ತೇನಿ."

"ಆಯಿತು ದುರ್ಗಪ್ಪ, ಬನ್ನಿ," ಎಂದು ಉತ್ತರ ಓದಿತು ಫೋನ್.

ಸ್ಟೀವನ್ ಫೋನನ್ನು ಮತ್ತೆ ಜೇಬಿಗೆ ತುರುಕಿದ.

"ಯಾಕಲೇ, ಹೊಟ್ಟಿ ಉರೀತೈತೇನ?"

"ಉರಿಯಾಕತ್ತೈತಿ," ಎಂದ ಸ್ಟೀವನ್. "ಕಲಿಸಬಾರದಿತ್ತು ನಿನಗ."

ಇಷ್ಟು ದಿನ ತಾನು ಉಂಡ ಸಂಕಟ ಈಗ ಇನ್ನೊಬ್ಬನ ಹೊಟ್ಟೆ ಸೇರಿದ್ದು ಕೇಳಿ ದುರ್ಗಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗೆಳೆಯನ ತೋಳು ಹಿಡಿದು ಚಹಾದಂಗಡಿಗೆ ಎಳೆದುಕೊಂಡು ಹೋದ.

ಕಣ್ಣು ಕಾಣದ ಅಕ್ಕ ಅಣ್ಣಂದಿರೇ, ಅವರ ಮನೆಯವರೇ, ಪಕ್ಕದವರ ಫೋನ್ ನೋಡಿ ಹೊಟ್ಟೆಕಿಚ್ಚಾದರೆ ಆಗಲಿ, ತಪ್ಪೇನಿಲ್ಲ. ಆದರೆ ಆ ಕಿಚ್ಚಿನಲ್ಲಿ ಅಂಗಡಿಗೆ ಓಡಬೇಡಿ. ಈಗಾಗಲೇ ಬಳಸುತ್ತಿರುವವರನ್ನು ಮೊದಲು ಕೇಳಿ, ಆಗುವುದಾದರೆ ಜೊತೆಗೆ ಕರೆದುಕೊಂಡು ಹೋಗಿ. ದುಬಾರಿಯೋ ದೊಡ್ಡದೋ ಎಂದು ನೋಡಬೇಡಿ. ಅಂಗಡಿಯಲ್ಲೇ ಅದನ್ನು ಮಾತಾಡಿಸಿ, ನಿಮ್ಮ ಬೆರಳಿನಿಂದಲೇ, ನಿಮ್ಮ ಭಾಷೆಯಲ್ಲೇ. ಅದು ನಿಮ್ಮ ಕಿವಿಗೆ ಒಪ್ಪುವ ತನಕ ಹಣ ಕೊಡಬೇಡಿ.