ಮಿಯಾಪುರದ ದೋಣಿ

ಮಲಗಿಸಿದರೆ ಮಾತ್ರ ಒಯ್ಯುತ್ತೇನೆ ಎಂದು ಶವವಾಹನದ ಚಾಲಕ ತೆಲುಗಿನಲ್ಲಿ ಮೂರನೇ ಸಲ ಹೇಳುವ ಹೊತ್ತಿಗೆ ಬೂದೆಪ್ಪ ತನ್ನ ಎಪ್ಪತ್ತೊಂದನೇ ವಯಸ್ಸಿನಲ್ಲಿ ಅಳತೆಪಟ್ಟಿ ಹಿಡಿದು ಗಾಜಿನ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದ. ಪೆಟ್ಟಿಗೆಯ ಎತ್ತರ ಒಂದೂಮುಕ್ಕಾಲು ಅಡಿ. ನೆಲಮಹಡಿಯ ಮನೆಯ ಪಡಸಾಲೆಯಲ್ಲಿ ಪದ್ಮಾಸನ ಹಾಕಿ ಕುಳಿತಿದ್ದ ಗೆಳೆಯ ಮಲ್ಲಿಕಾರ್ಜುನನ ಎತ್ತರ, ರುಮಾಲು ಬಿಟ್ಟು, ಮೂರು ಅಡಿಯ ಹತ್ತಿರ. ಎಷ್ಟು ಸಲ ಅಳೆದರೂ ಗೆಳೆಯನೂ ಕುಗ್ಗಲಿಲ್ಲ, ಪೆಟ್ಟಿಗೆಯೂ ಹಿಗ್ಗಲಿಲ್ಲ.

ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿ ಇಲ್ಲ. ಉಸಿರು ನಿಂತ ಕೂಡಲೇ ಗೋಡೆಗೆ ಆನಿಸಿ ಕೂರಿಸುತ್ತಾರೆ. ವಿಮಾನವೆಂಬ ಹೂವಿನ ಮಂಟಪದಲ್ಲಿ ಕೂತೇ ಹೋಗಬೇಕು, ಕೂತೇ ಮಣ್ಣಾಗಬೇಕು. ಬೆಳಗಿನ ಐದಕ್ಕೆ ಜೀವ ಬಿಟ್ಟ ಗೆಳೆಯನನ್ನು ಬೂದೆಪ್ಪನೇ ಕೈಯಾರೆ ಕೂರಿಸಿ, ವಿಭೂತಿ ಹಚ್ಚಿ, ಪಂಚೆಯಿಂದ ಬಿಗಿದಿದ್ದ. ಈಗ ಹತ್ತೂವರೆ. ದೇಹ ಸೆಟೆದು ಕಟ್ಟಿಗೆಯಾಗಿತ್ತು. ಇನ್ನು ಮಲಗಿಸುತ್ತೇನೆಂದರೂ ಮಲಗುವ ಹಾಗಿರಲಿಲ್ಲ.

ಗಾಡಿ ಗೊತ್ತುಮಾಡಿದವಳು ಮಲ್ಲಿಕಾರ್ಜುನನ ಮಗಳು ಮೃಣಾಲಿನಿ, ಬೇಗಂಪೇಟೆಯ ಒಂದು ಬ್ಯಾಂಕಿನಲ್ಲಿ ಮ್ಯಾನೇಜರು. ಅಳುತ್ತಲೇ ಫೋನಿನಲ್ಲಿ ಎಸಿ ಇರಬೇಕು, ಹೂವಿರಬೇಕು, ಡ್ರೈವರು ಕುಡಿದಿರಬಾರದು ಎಂದೆಲ್ಲ ಹೇಳಿದವಳು ಅಪ್ಪ ಕೂತು ಬರುತ್ತಾರೆ ಎಂಬುದೊಂದನ್ನು ಹೇಳಲು ಮರೆತಿದ್ದಳು. ಕಲಬುರಗಿಯಲ್ಲಾಗಿದ್ದರೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಈಗ ಅವಳು ಗೇಟಿನ ಬಳಿ ನಿಂತು ಊರಿಗೆಲ್ಲ ಫೋನು ಹಚ್ಚುತ್ತಿದ್ದಳು. ವಿಮಾನ ಬಾಡಿಗೆಗೆ ಎಲ್ಲೂ ಸಿಗುತ್ತಿರಲಿಲ್ಲ. ಸಿಕ್ಕ ಒಬ್ಬ ಮಹಾರಾಯ, ಯಾವ ಊರಿಗೆ, ಎಷ್ಟು ಟಿಕೆಟ್ಟು ಎಂದು ಕೇಳಿದ.

ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ಮಣ್ಣಾಗಬೇಕೆಂದು ಕ್ರಿಯೆ ಮಾಡಿಸುವ ಅಯ್ಯನವರು ಹೇಳಿದ್ದರು. ಮಿಯಾಪುರದಿಂದ ರುದ್ರಭೂಮಿಗೆ ಒಂದು ತಾಸಿನ ದಾರಿ. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದು, ದುಃಖ ವ್ಯಕ್ತಪಡಿಸಿ, ಗಾಡಿಯನ್ನು ಸ್ವಲ್ಪ ಪಕ್ಕಕ್ಕೆ ಹಾಕಿಸಿ ಎಂದ. ಪಕ್ಕಕ್ಕೆ ಹಾಕಲು ಜಾಗವಿರಲಿಲ್ಲ. ಅಲ್ಲಿ ದೋಣಿ ಇತ್ತು.

ಹದಿನೈದು ಅಡಿಯ ಮರದ ದೋಣಿ. ನೀಲಿ ಬಣ್ಣ ಅಲ್ಲಲ್ಲಿ ಉದುರಿ, ಹಳೆಯ ಪ್ಲಾಸ್ಟಿಕ್ ಹಾಳೆ ಹೊದ್ದು, ಹನ್ನೊಂದು ವರ್ಷದಿಂದ ಒಂದು ಕಾರಿನ ಜಾಗ ತಿನ್ನುತ್ತಾ ಕೂತಿತ್ತು. ನೀರು ಎಂದರೆ ಅದಕ್ಕೆ ಮಳೆಗಾಲದಲ್ಲಿ ಹೊಟ್ಟೆಯೊಳಗೆ ತುಂಬುವುದಷ್ಟೇ. ಆ ನೀರಿನಲ್ಲಿ ಸೊಳ್ಳೆ, ಸೊಳ್ಳೆಗಾಗಿ ನಗರಪಾಲಿಕೆಯ ನೋಟಿಸು, ನೋಟಿಸಿಗಾಗಿ ಜಗಳ.

ಸೆಕ್ರೆಟರಿಯ ಮಾತು ಕೇಳಿ ಮಲ್ಲಿಕಾರ್ಜುನನ ಹೆಂಡತಿ ಗೋದಾವರಿ ಹೊರಗೆ ಬಂದಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಗಂಡನ ಪಕ್ಕದಲ್ಲಿ ಕೂತಿದ್ದವಳು. ಗಾಡಿ ನೋಡಿದಳು, ಅಳತೆಪಟ್ಟಿ ನೋಡಿದಳು, ಕೊನೆಗೆ ದೋಣಿ ನೋಡಿದಳು.

"ಇವತ್ತ ಇದನ್ನ ಕಡಿಸಿ ಒಲಿಗೆ ಹಾಕಸ್ತೀನಿ," ಎಂದಳು. "ಮೂರನೇ ದಿನದ ಅಡಗಿ ಇದರ ಕಟಗಿ ಮ್ಯಾಲೇ ಆಗಲಿ. ಇದ್ದಾಗಂತೂ ಇದರ ಸಲುವಾಗಿ ಮಂದಿ ಕೈಲೆ ಹುಚ್ಚ ಅನಿಸಿಕೊಂಡ್ರು."

ಬೂದೆಪ್ಪ ಅಳತೆಪಟ್ಟಿಯನ್ನು ಸುತ್ತತೊಡಗಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ದೋಣಿ ಮಲ್ಲಿಕಾರ್ಜುನನದಲ್ಲ, ತನ್ನದು ಎಂಬುದು ಈಗ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತಿತ್ತು. ಒಂದು ಗಂಟೆಗೆ ಗೆಳೆಯ ಮಣ್ಣಾದರೆ, ಆ ಹುಚ್ಚಿನ ಹೆಸರೂ ಅವನ ಜೊತೆಗೇ ಮಣ್ಣಾಗುತ್ತಿತ್ತು.

*

ಇಬ್ಬರೂ ಬೇಗಂಪೇಟೆಯ ಹವಾಮಾನ ಕಚೇರಿಯಲ್ಲಿ ಒಂದೇ ಮೇಜಿನ ಎದುರುಬದುರು ಮೂವತ್ತಮೂರು ವರ್ಷ ಕೂತವರು. ಮಲ್ಲಿಕಾರ್ಜುನ ಗಾಳಿಯ ಲೆಕ್ಕ ಬರೆಯುತ್ತಿದ್ದ, ಬೂದೆಪ್ಪ ಪ್ರಕಟಣೆ ಟೈಪು ಮಾಡುತ್ತಿದ್ದ. ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ಸಾಲನ್ನು ಎಷ್ಟು ಸಾವಿರ ಸಲ ಟೈಪು ಮಾಡಿದ್ದನೋ, ಕಡಲನ್ನು ಮಾತ್ರ ನಕ್ಷೆಯಲ್ಲಷ್ಟೇ ನೋಡಿದ್ದ. ಬೇಡ ಬೇಡ ಎನ್ನುತ್ತಲೇ ಬಂದದ್ದರ ಮೇಲೆ ಅವನಿಗೆ ಮುದಿವಯಸ್ಸಿನಲ್ಲಿ ಆಸೆ ಹುಟ್ಟಿತು. ನಿವೃತ್ತಿಯಾದ ವರ್ಷ, ಕಡಲತೀರದ ಭೀಮಿಲಿಯ ಒಬ್ಬ ಬೆಸ್ತ ಹಳೆಯ ದೋಣಿ ಮಾರುತ್ತಿದ್ದಾನೆಂದು ಯಾರೋ ಹೇಳಿದ್ದೇ ತಡ, ಹೆಂಡತಿ ದಾನೇಶ್ವರಿಗೆ ಶ್ರೀಶೈಲಕ್ಕೆ ಹೋಗಿಬರುತ್ತೇನೆಂದು ಹೇಳಿ ಹೊರಟ.

ದೋಣಿಯನ್ನು ಅಲ್ಲಿಂದಲೇ ಲಾರಿಗೆ ಹಾಕಬಹುದಿತ್ತು. ಬೂದೆಪ್ಪ ಒಪ್ಪಲಿಲ್ಲ. ಕಾಕಿನಾಡದವರೆಗಾದರೂ ಕಡಲಲ್ಲೇ ತರಬೇಕು ಎಂದು ಹಟ ಹಿಡಿದ. ಅವನಿಗೂ ಮಲ್ಲಿಕಾರ್ಜುನನಿಗೂ ಈಜು ಬಾರದು. ಹುಸೇನ್ ಸಾಗರದಲ್ಲಿ ಪೆಡಲ್ ದೋಣಿ ತುಳಿದದ್ದೇ ಅನುಭವ.

"ನೀ ಒಬ್ಬನ ಹೋದ್ರ ಸಾಯ್ತಿ," ಎಂದಿದ್ದ ಮಲ್ಲಿಕಾರ್ಜುನ. "ನಾನೂ ಬರ್ತೀನಿ. ಸಾಯಾಕರ ಜೋಡಿ ಆಕ್ಕೈತಿ."

ಮಾರಿದವನ ತಮ್ಮ ಅಪ್ಪಲರಾಜು ದೋಣಿ ನಡೆಸಲು ಜೊತೆಗೆ ಬಂದ. ಹೊರಡುವ ಬೆಳಗ್ಗೆ ಪೇಪರಿನಲ್ಲಿ ಅದೇ ಸಾಲಿತ್ತು, ಮೀನುಗಾರರು ಕಡಲಿಗೆ ಇಳಿಯಬಾರದು. ಅಪ್ಪಲರಾಜು ಹಿಂಜರಿದ. ಬೂದೆಪ್ಪ ನಕ್ಕುಬಿಟ್ಟ. ಈ ಸಾಲು ಹೇಗೆ ಹುಟ್ಟುತ್ತದೆಂದು ತನಗೆ ಗೊತ್ತು, ಹತ್ತು ಸಲ ಟೈಪು ಮಾಡಿದರೆ ಗಾಳಿ ಬರುವುದು ಒಂದು ಸಲ, ಇದೆಲ್ಲ ಮೇಲಿನವರು ತಮ್ಮ ಮೈಮೇಲೆ ಬರದಿರಲೆಂದು ಹಾಕಿಸುವುದು ಎಂದು ಭಾಷಣ ಮಾಡಿದ. ಕಚೇರಿಯವನ ಮಾತೆಂದು ಬಡಪಾಯಿ ಅಪ್ಪಲರಾಜು ನಂಬಿದ.

ಅದು ಆ ಹತ್ತರಲ್ಲಿ ಒಂದು ದಿನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ನೀರು ಕುಡಿದು ಸತ್ತಿತು, ಹಾಯಿ ಹರಿಯಿತು. ಅಪ್ಪಲರಾಜು ಹುಟ್ಟು ಹಿಡಿದು ಇಬ್ಬರ ವಂಶವನ್ನೂ ತೆಲುಗಿನಲ್ಲಿ ಬೈಯುತ್ತಿದ್ದ. ಬೂದೆಪ್ಪ ತಳದಲ್ಲಿ ಕವುಚಿ ಮಲಗಿ, ಕೊರಳ ಕರಡಿಗೆಯಲ್ಲಿದ್ದ ಲಿಂಗವನ್ನು ಗಟ್ಟಿಯಾಗಿ ಹಿಡಿದು, ವಾಂತಿ ಮಾಡುತ್ತಿದ್ದ. ಮಲ್ಲಿಕಾರ್ಜುನ ಬುತ್ತಿಯ ಡಬ್ಬಿಯಿಂದ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲಿದ. ಐದು ತಾಸು. ಅಂಗೈ ಚರ್ಮ ಕಿತ್ತುಬಂತು. ಅಷ್ಟು ಹೊತ್ತಿನಲ್ಲಿ ಅವನು ಗೆಳೆಯನಿಗೆ ಒಂದು ಮಾತೂ ಅನ್ನಲಿಲ್ಲ. ಬೈದುಬಿಟ್ಟಿದ್ದರೆ ಬೂದೆಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಗಾಳಿ ಇಳಿದ ಮೇಲೆ ದಂಡೆ ಹಿಡಿದು ಮೂರನೇ ದಿನ ಕಾಕಿನಾಡ, ಅಲ್ಲಿಂದ ಲಾರಿ. ಬೂದೆಪ್ಪನದು ಮೆಹದಿಪಟ್ಟಣದಲ್ಲಿ ಮೂರನೇ ಮಹಡಿಯ ಮನೆ. ದೋಣಿ ಇಳಿಸಲು ಜಾಗವಿದ್ದದ್ದು ಮಿಯಾಪುರದಲ್ಲಿ, ಮಲ್ಲಿಕಾರ್ಜುನನ ಅಪಾರ್ಟ್‌ಮೆಂಟಿನಲ್ಲಿ. ಲಾರಿ ಗೇಟಿಗೆ ಬಂದು ನಿಂತಾಗ ಗೋದಾವರಿಯ ಪಕ್ಕದಲ್ಲಿ ದಾನೇಶ್ವರಿ ನಿಂತಿದ್ದಳು. ಶ್ರೀಶೈಲಕ್ಕೆ ಹೋದವರಿಂದ ಫೋನಿಲ್ಲವೆಂದು ಹುಡುಕಿಕೊಂಡು ಬಂದಿದ್ದಳು. ಯಾರದಿದು ಎಂದು ಗೋದಾವರಿ ಕೇಳಿದಳು. ಬೂದೆಪ್ಪ ಹೆಂಡತಿಯ ಮುಖ ನೋಡಿದ. ಗಾಯದ ಕೈಗಳನ್ನು ಜೇಬಿನಲ್ಲಿಟ್ಟುಕೊಂಡ ಮಲ್ಲಿಕಾರ್ಜುನ, ನಂದು, ಬೂದೆಪ್ಪನನ್ನ ನಾನೇ ಎಳಕೊಂಡು ಹೋಗಿದ್ದೆ ಎಂದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡ ಬೂದೆಪ್ಪ. ಆರು ವರ್ಷದ ಮೇಲೆ ದಾನೇಶ್ವರಿ ತೀರಿಕೊಂಡಳು, ಮುಚ್ಚಿಡಲು ಕಾರಣವೇ ಉಳಿಯಲಿಲ್ಲ. ಆಗಲೂ ನಾಳೆ ಎಂದ. ಇತ್ತ ಗೋದಾವರಿ ದಿನಾ ಬೆಳಗ್ಗೆ ಕಸ ಚೆಲ್ಲಲು ಬಂದು ದೋಣಿ ನೋಡಿದಾಗಲೆಲ್ಲ ಗಂಡನಿಗೆ ಮಂಗಳಾರತಿ ಎತ್ತುತ್ತಿದ್ದಳು. ಎಷ್ಟೋ ಸಲ ಬೂದೆಪ್ಪ ಅಲ್ಲೇ ಕೂತು, ಅವಳೇ ಮಾಡಿದ ಚಹಾ ಕುಡಿಯುತ್ತಾ, ಅದನ್ನು ಕೇಳಿದ್ದ.

*

ದಾರಿ ತೋರಿಸಿದವನು ಮಲ್ಲಣ್ಣ. ಪಕ್ಕದಲ್ಲಿ ಏಳುತ್ತಿದ್ದ ಹೊಸ ಕಟ್ಟಡದ ಮೇಸ್ತ್ರಿ, ಯಾದಗಿರಿ ಕಡೆಯವನು. ಕನ್ನಡದಲ್ಲಿ ಮಾತಾಡಿಸುತ್ತಿದ್ದ ಹಿರಿಯರು ಹೋದರೆಂದು ತನ್ನ ಆಳುಗಳೊಂದಿಗೆ ಹೂವಿನ ಹಾರ ಹಿಡಿದು ಬಂದಿದ್ದ. ಗಾಜಿನ ಪೆಟ್ಟಿಗೆಯ ಕಥೆ ಕೇಳಿ ಅವನು ಸೀದಾ ದೋಣಿಯ ಹತ್ತಿರ ಹೋಗಿ ಪ್ಲಾಸ್ಟಿಕ್ ಹಾಳೆ ಎತ್ತಿದ. ಕಟ್ಟಡದ ಕೆಲಸಕ್ಕೆ ಬಂದ ಡಿಸಿಎಂ ಎಂಬ ತೆರೆದ ಲಾರಿ ಇದೆ, ಎಂಟು ಜನ ಆಳಿದ್ದಾರೆ, ಇದನ್ನೇ ಎತ್ತಿಟ್ಟು ಬಾಳೆಕಂಬ ಕಟ್ಟಿದರೆ ಇದಕ್ಕಿಂತ ವಿಮಾನ ಬೇಕೇ ಎಂದ. ಮೃಣಾಲಿನಿ ಅಮ್ಮನ ಮುಖ ನೋಡಿದಳು.

"ಬ್ಯಾಡ," ಎಂದಳು ಗೋದಾವರಿ. "ಇಡೀ ಜಲ್ಮದಾಗ ಒಂದ ತಪ್ಪು ಮಾಡಿದ ಮನಷ್ಯಾ, ಅದ ತಪ್ಪಿನ್ಯಾಗ ಕುಂತು ಊರ ಮಂದಿ ಮುಂದ ಹೋಗೂದು ಬ್ಯಾಡ. ಹೋಗುವಾಗರ ಶಾಣ್ಯಾ ಆಗಿ ಹೋಗಲಿ."

ಮಲ್ಲಣ್ಣ ಹಾಳೆಯನ್ನು ಮತ್ತೆ ಹೊದಿಸಿದ. ಬೂದೆಪ್ಪನಿಗೆ ಗೆಳೆಯನ ಮೇಲೇ ಸಿಟ್ಟು ಬಂತು. ಸತ್ತಮೇಲೂ ಬಾಯಿ ಮುಚ್ಚಿಕೊಂಡು ಕೂತಿದ್ದಾನೆ, ನೆಟ್ಟಗೆ, ತೊಂದರೆಯನ್ನೆಲ್ಲ ತನಗೆ ಬಿಟ್ಟು.

"ವೈನಿ," ಎಂದ. "ಆ ದೋಣಿ ಅವಂದಲ್ಲರಿ. ನಂದು. ಬೇಕಂದಾವ ನಾನು, ಕಡಲಿಗೆ ಇಳಿಸಿದಾವ ನಾನು. ನಮ್ಮಾಕಿ ಮುಂದ ನನ್ನ ಮಾನ ಉಳಸಾಕ ಅಂವ ತನ್ನದು ಅಂದ."

ಗೋದಾವರಿ ದೋಣಿಯನ್ನೊಮ್ಮೆ ನೋಡಿದಳು. ತಿರುಗಿ ಬಾಗಿಲಿನೊಳಗೆ, ಗೋಡೆಗೆ ಆನಿಸಿ ಕೂರಿಸಿದ್ದ ಗಂಡನನ್ನು ನೋಡಿದಳು.

"ಹನ್ನೊಂದು ವರ್ಷ ಬೈದೀನಿ," ಎಂದಳು. "ಮೊನ್ನೆ ಗಂಜಿ ಕುಡಸ್ತಾ ಸೈತ ಬೈದೀನಿ. ಅದನ್ನೆಲ್ಲಾ ಈಗ ಯಾರ್ ಹಿಂದಕ್ಕ ತಗೋಬೇಕು, ಬೂದೆಪ್ಪಣ್ಣಾ?"

ಗೋದಾವರಿ ಹೊಸ್ತಿಲ ಮೇಲೆ ಕುಸಿದು, ಆ ದಿನ ಮೊದಲ ಸಲ, ಬಾಯಿಬಿಟ್ಟು ಅತ್ತಳು. ಮೃಣಾಲಿನಿ ತಬ್ಬಿಕೊಂಡಳು. ಬೂದೆಪ್ಪನಿಗೆ ನಿಂತ ನೆಲ ಬಿರಿಯಬಾರದೇ ಎನಿಸಿತು. ಅಯ್ಯನವರು ಗಡಿಯಾರ ನೋಡಿದರು. ಅತ್ತು ಮುಗಿಸಿ ಗೋದಾವರಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಮಲ್ಲಣ್ಣಾ, ಎತ್ತಸಪಾ ಅದನ್ನ," ಎಂದಳು. ಆಮೇಲೆ ಬೂದೆಪ್ಪನ ಕಡೆ ತಿರುಗಿದಳು. "ನೀವೂ ಹತ್ತರಿ. ನಿಮ್ಮದಲ್ಲ? ಹತ್ತರಿ."

ಹನ್ನೊಂದೂವರೆಗೆ ದೋಣಿ ಹೊತ್ತ ಲಾರಿ ಗೇಟು ದಾಟಿತು. ಬಾಳೆಕಂಬ, ಚೆಂಡುಹೂವು, ನಡುವೆ ಹಲಗೆಯ ಮೇಲೆ ಮಲ್ಲಿಕಾರ್ಜುನ. ಒಂದು ಪಕ್ಕ ಅವನ ಭುಜ ಹಿಡಿದು ಬೂದೆಪ್ಪ, ಇನ್ನೊಂದು ಪಕ್ಕ ಗೋದಾವರಿ. ಹೆಂಗಸು ವಿಮಾನ ಹತ್ತುವುದುಂಟೇ ಎಂದು ಹಿರಿಯರೊಬ್ಬರು ಗೊಣಗಿದ್ದು ಅವಳ ಕಿವಿಗೆ ಬೀಳಲಿಲ್ಲ. ಮೆಟ್ರೋ ಕಂಬಗಳ ಕೆಳಗೆ ಗಾಡಿಗಳು ಕಿಕ್ಕಿರಿದು ನಿಂತಿದ್ದವು. ಬೈಕಿನವರು ಫೋನು ಎತ್ತಿ ದೋಣಿಯ ಚಿತ್ರ ಹಿಡಿಯುತ್ತಿದ್ದರು.

ಸಿಗ್ನಲ್ಲಿನಲ್ಲಿ ಗೋದಾವರಿ ಬೈಯಲು ಶುರುಮಾಡಿದಳು. ಮೊದಲ ಮಳೆಗಾಲದಿಂದ, ವರ್ಷದ ಪ್ರಕಾರ. ದೋಣಿಯಲ್ಲಿ ಮರಿ ಹಾಕಿದ ಬೆಕ್ಕು, ಮೃಣಾಲಿನಿಯ ನಿಶ್ಚಯಕ್ಕೆ ಬಂದ ಬೀಗರು ಇದನ್ನು ಕಂಡು ನಕ್ಕದ್ದು, ಡೆಂಗಿಯಲ್ಲಿ ಮಲಗಿದ ವಾಚ್‌ಮನ್ನು, ಪ್ರತಿಯೊಂದೂ ಈಗ ಬೂದೆಪ್ಪನ ಹೆಸರಿಗೆ. ಒಂದನ್ನೂ ಬಿಡಲಿಲ್ಲ. ಬೂದೆಪ್ಪ ಕೇಳುತ್ತಾ ಕೂತ. ಲಾರಿ ಒಂದು ಉಬ್ಬು ಹಾರಿತು. ಮಲ್ಲಿಕಾರ್ಜುನನ ರುಮಾಲು ಓರೆಯಾಗಿ ಹುಬ್ಬಿನ ಮೇಲೆ ಜಾರಿತು. ಗೋದಾವರಿ ಮಾತು ನಿಲ್ಲಿಸಿ, ಎರಡೂ ಕೈಯಿಂದ ಅದನ್ನು ಮೆಲ್ಲಗೆ ಎತ್ತಿ ಸರಿಮಾಡಿ, ಅವನ ಹಣೆಯ ವಿಭೂತಿ ಅಳಿಸಿಲ್ಲವೆಂದು ನೋಡಿಕೊಂಡು, ಮತ್ತೆ ಬೂದೆಪ್ಪನ ಕಡೆ ತಿರುಗಿ ವಾಚ್‌ಮನ್ನನ ಡೆಂಗಿಯಿಂದ ಮುಂದುವರಿಸಿದಳು.