ತಿಪ್ಪನ ಹೆಸರು

ಬಸ್ ಸ್ಟ್ಯಾಂಡಿನ ಹತ್ತಿರ ವೀರಯೋಧರ ಕಲ್ಲು ನಿಲ್ಲಿಸುವ ಸಮಿತಿಗೆ ನಮ್ಮನೆಯವರನ್ನು ಸೇರಿಸಿಕೊಂಡಿದ್ದೇ ತಡ, ಮನೆಯ ಮಗ್ಗಗಳು ಅನಾಥವಾದವು. ದೊಡ್ಡಬಳ್ಳಾಪುರದಲ್ಲಿ ಕರೆಂಟು ಇರುವುದೇ ಅಪರೂಪ; ಅದು ಬಂದಾಗ ಇವರು ಇರುತ್ತಿರಲಿಲ್ಲ. ಕೇಳಿದರೆ, "ತಿಪ್ಪನ ಕೆಲಸ ಕಣೇ" ಎನ್ನುವರು. ಆ ಹೆಸರು ಕೇಳಿದ ಮೇಲೆ ನಾನು ಬಾಯಿ ಮುಚ್ಚಿಕೊಳ್ಳಲೇಬೇಕಿತ್ತು.

ತಿಪ್ಪ ಪಕ್ಕದ ಮನೆ ಗಂಗಲಕ್ಷ್ಮಮ್ಮನ ಮಗ. ಅವನಿಗಿಂತ ಮೊದಲಿನ ಕೂಸುಗಳು ಉಳಿಯಲಿಲ್ಲವೆಂದು, ಇವನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದು ಹೆಸರಿಟ್ಟಿದ್ದರು. ಅಂಥ ಹೆಸರಿನವನನ್ನು ಯಮನೂ ಮುಟ್ಟುವುದಿಲ್ಲ ಎಂಬ ನಂಬಿಕೆ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಮೂಗು ಮುರಿದು ವೇಣುಗೋಪಾಲ್ ಎಂದು ಬರೆದುಕೊಂಡರು. ಮಿಲಿಟರಿಗೂ ಅದೇ ಹೆಸರು ಹೋಯಿತು. ಎಂಬತ್ತೇಳರಲ್ಲಿ ಅವನು ಶ್ರೀಲಂಕಾದಲ್ಲಿ ತೀರಿಕೊಂಡನೆಂಬ ತಂತಿಯಲ್ಲೂ ವೇಣುಗೋಪಾಲ್ ಎಂದೇ ಇತ್ತು. ದೇಹ ಬರಲಿಲ್ಲ. ನಾವೆಲ್ಲ ಗೋಳಾಡುತ್ತಿದ್ದರೆ ಗಂಗಲಕ್ಷ್ಮಮ್ಮ ನಮಗೇ ಕುಡಿಯಲು ನೀರು ತಂದುಕೊಟ್ಟರು. ನಾಲ್ಕು ವರ್ಷವಾದರೂ ಆಕೆ ಅತ್ತಿರಲಿಲ್ಲ. ನನಗೆ ಅದೇ ಭಯ.

ಸಮಿತಿಯಲ್ಲಿ ನಮ್ಮನೆಯವರು ಮೇಜು ಗುದ್ದಿ ಜಗಳವಾಡಿದರಂತೆ. "ನಮ್ಮ ಬೀದೀಲಿ ವೇಣುಗೋಪಾಲ ಅಂದ್ರೆ ಯಾರಿಗ್ರೀ ಗೊತ್ತು? ತಿಪ್ಪ ಅಂತಾನೂ ಕೆತ್ತಿಸಿ!" ಗೆದ್ದು ಬಂದರು. ಸ್ವಾತಂತ್ರ್ಯ ದಿನದ ಹಿಂದಿನ ದಿನ ನನ್ನನ್ನೂ ಗಂಗಲಕ್ಷ್ಮಮ್ಮನನ್ನೂ ಕರೆದುಕೊಂಡು ಹೋಗಿ ಕಲ್ಲಿನ ಮುಂದೆ ನಿಲ್ಲಿಸಿದರು. ಕಲ್ಲು ಕೆತ್ತುವ ಮುನಿರಾಮಯ್ಯ ಅಕ್ಷರಕ್ಕೆ ಬಣ್ಣ ತುಂಬುತ್ತಿದ್ದ. ಆಕೆಗೆ ಓದು ಬಾರದು. ಇವರೇ ಬೆರಳಿಟ್ಟು ಓದಿದರು: "ವೇಣುಗೋಪಾಲ್. ಅದರ ಕೆಳಗೆ ನೋಡಕ್ಕ, ತಿಪ್ಪ!" ಓದಿ, ಹೊಗಳಿಕೆಗೆ ಕಾದು ನಿಂತರು.

ಆಕೆ ಅಲ್ಲೇ ಕುಸಿದು ಕೂತರು.

"ಅಯ್ಯೋ, ಅಳಿಸಪ್ಪಾ ಅದನ್ನ! ಸತ್ತೋನು ವೇಣುಗೋಪಾಲ. ಮೇಷ್ಟ್ರು ಇಟ್ಟ ಹೆಸ್ರು ಹಿಡ್ಕೊಂಡು ಯಮ ಬಂದ, ಕರ್ಕೊಂಡು ಹೋದ. ತಿಪ್ಪನ ತಂಟೆಗೆ ಅವನು ಬಂದಿಲ್ಲ. ಸತ್ತೋರ ಕಲ್ಲಿನ ಮೇಲೆ ನನ್ನ ತಿಪ್ಪನ ಹೆಸ್ರು ಯಾಕಪ್ಪಾ ಬರೆಸಿದೆ?"

ನಮ್ಮನೆಯವರ ಮುಖ ನೋಡಲಾಗಲಿಲ್ಲ. ಮನೆಯಲ್ಲಾಗಿದ್ದರೆ ಚೆನ್ನಾಗಿ ಜಾಡಿಸುತ್ತಿದ್ದೆ. ಅಲ್ಲಿ ಆಕೆಯ ಪಕ್ಕ ಕೂತು ಬೆನ್ನು ಸವರಿದೆ. ಅಳಿಸು ಎಂದು ಇವರು ಸನ್ನೆ ಮಾಡಿದ ಮೇಲೆ ಮುನಿರಾಮಯ್ಯ ಉಳಿ ಎತ್ತಿಕೊಂಡ.

"ಕಲ್ಲು ಗುಂಡಿ ಬೀಳ್ತದೆ ಯಜಮಾನ್ರೇ. ಸಮಿತಿಯೋರು ಕೇಳಿದ್ರೆ?"

"ನನ್ನ ಹೆಸ್ರು ಹೇಳಯ್ಯ," ಎಂದರು ಇವರು.

ಮಾರನೆಯ ದಿನ ಬ್ಯಾಂಡು, ಭಾಷಣ ಎಲ್ಲ ಮುಗಿದ ಮೇಲೆ ಗಂಗಲಕ್ಷ್ಮಮ್ಮ ಕಲ್ಲಿಗೆ ಹೂವಿಟ್ಟರು. ವೇಣುಗೋಪಾಲ್ ಎಂಬ ಅಕ್ಷರಗಳನ್ನು ಸವರಿದರು. ಕೆಳಗಿನ ಗುಂಡಿಯನ್ನೂ ಸವರಿ, ಅಲ್ಲಿ ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಎದೆ ಬಡಿದುಕೊಂಡು ಅತ್ತರು. ನಾನೂ ತಬ್ಬಿಕೊಂಡು ಅತ್ತೆ. ಅಷ್ಟು ಅಳುವಿನಲ್ಲೂ, ಅಂತೂ ಅತ್ತರಲ್ಲ ಎಂದು ನನಗೆ ಸಮಾಧಾನವಾಯಿತು.

ಮನೆಗೆ ನಡೆಯುವಾಗ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಇವತ್ತು ನಿಮ್ಮನೇಲಿ ಏನ್ ಸಾರಮ್ಮ?"

"ಹುರುಳಿಕಾಳು ಬಸ್ಸಾರು ಅಕ್ಕ," ಎಂದೆ.

"ತಿಪ್ಪಂಗೆ ಬಸ್ಸಾರು ಅಂದ್ರೆ ಪ್ರಾಣ."

ಎಲ್ಲರ ಮಾತನ್ನೂ ತಿದ್ದುವ ನಮ್ಮನೆಯವರು ಆಕೆಯ ಪಕ್ಕಕ್ಕೆ ಬಂದು ನಡೆದರು.

"ಹೂಂ ಅಕ್ಕ," ಎಂದರು. "ಎರಡು ಮುದ್ದೆ ಮುಗಿಸದೆ ಏಳೋದೇ ಇಲ್ಲ ಅವನು."