ಕಮಾನು ಕಟ್ಟಿದ ಹುಡುಗಿ

ಶವಪೆಟ್ಟಿಗೆಯ ಹಿಡಿಕೆಗೆ ಕೊನೆಯ ಸ್ಕ್ರೂ ಬಿಗಿಯುವಾಗ ಬಡಗಿ ಮೇಷ್ಟ್ರ ಕೈ ಜಾರಿ, ಸ್ಕ್ರೂಡ್ರೈವರಿನ ತುದಿ ಹೆಬ್ಬೆರಳಿನ ಬುಡಕ್ಕೆ ನಾಟಿತು. ಬೆರಳನ್ನು ಬಾಯಿಗಿಟ್ಟು ಚೀಪುತ್ತಾ ತಲೆಯೆತ್ತಿದರೆ ಎದುರಿಗೆ ಅತ್ತಿಗೆ ನಿಂತಿದ್ದರು. ತೀರಿಹೋದ ಗೆಳೆಯ ಗಾರೆ ಮೇಷ್ಟ್ರ ಹೆಂಡತಿಯನ್ನು ಅವರು ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದುದು.

"ಕಾಲೇಜಿನ ಮೇಲೇ ಹೋಗೋಣ," ಎಂದರು ಅತ್ತಿಗೆ. "ಆ ಗೋಡೆ ಹತ್ರ ಇವರನ್ನ ಒಂದು ಗಳಿಗೆ ನಿಲ್ಲಿಸಿ, ಆಮೇಲೆ ಮಣ್ಣಿಗೆ."

"ಯಾವ ಗೋಡೆ?"

"ಯಾವ ಗೋಡೆ ಅಂತ ನೀವು ಕೇಳ್ತೀರಲ್ಲ! ಆ ಹುಡುಗಿ ಕಟ್ಟಿದ್ದು. ಕಮಾನಿಂದು. ಪರೀಕ್ಷೆ ಮುಗೀತಿದ್ದ ಹಾಗೇ ಕೆಡವಿಬಿಡ್ತೀರಂತಲ್ಲ, ಅಷ್ಟರೊಳಗೆ ನಾನೂ ಒಂದು ಸಲ ನೋಡಬೇಕು. ಮುಂದಿನ ವಾರ ಕರ್ಕೊಂಡು ಹೋಗ್ತೀನಿ, ಮುಂದಿನ ವಾರ ಅಂತ ವರ್ಷವಿಡೀ ಹೇಳಿದ್ರು. ಇನ್ನೆಲ್ಲಿಯ ಮುಂದಿನ ವಾರ."

ಬಡಗಿ ಮೇಷ್ಟ್ರ ಬಾಯಿಯಲ್ಲಿ ರಕ್ತದ ಉಪ್ಪು ರುಚಿ ತುಂಬಿತು. ಗೋಡೆಯಿರಲಿಲ್ಲ. ಕಮಾನಿರಲಿಲ್ಲ. ಆ ಹುಡುಗಿ ಎಂಬುವಳು ಈ ಭೂಮಿಯ ಮೇಲೆ ಹುಟ್ಟೇ ಇರಲಿಲ್ಲ. ಅಂಗಳದಲ್ಲಿ ಕೂತಿದ್ದ ಅಷ್ಟು ಜನರಲ್ಲಿ ಅದು ಗೊತ್ತಿದ್ದುದು ಅವರೊಬ್ಬರಿಗೆ, ಮತ್ತು ಒಳಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದವರಿಗೆ.

"ಇವತ್ತು ಕಾಲೇಜಲ್ಲಿ ಪ್ರಗತಿ ದಿನ, ಅತ್ತಿಗೆ. ವರ್ಷದ ಸಮಾರಂಭ. ದೊಡ್ಡ ದೊಡ್ಡವರು ಬರ್ತಾರೆ. ಅದಕ್ಕೇ ನೋಡಿ, ಅಲ್ಲಿಂದ ಒಬ್ಬರೂ ಬಂದಿಲ್ಲ. ಒಳಗೆ ಬಿಡಲ್ಲ."

"ಇಷ್ಟು ವರ್ಷ ದುಡಿದವರನ್ನ ಬಿಡಲ್ವಾ?"

ತೀರಿಹೋದವರ ತಂಗಿ ಮೂಲೆಯಿಂದ ಮೂಗೊರೆಸಿಕೊಳ್ಳುತ್ತಾ ಬಾಯಿ ಹಾಕಿದಳು. "ನಮ್ಮಣ್ಣ ಲೋಕಕ್ಕೆಲ್ಲ ಗೋಡೆ ಕಟ್ಟೋದು ಕಲಿಸಿದ. ಈ ಮನೆ ಬಚ್ಚಲ ಗೋಡೆ ಮಾತ್ರ ಕುಡಿದವನ ಹಾಗೆ ವಾಲ್ಕೊಂಡೇ ಇದೆ. ನೆಂಟರು ಬಂದ್ರೆ ಸ್ನಾನಕ್ಕೆ ಕಳಿಸೋಕೆ ಭಯ."

ಯಾರೋ ಫಕ್ಕನೆ ನಕ್ಕು, ತಕ್ಷಣ ಅದನ್ನು ಕೆಮ್ಮಾಗಿಸಿದರು.

"ಹೋಗ್ಲಿ, ದಾರಿಯಾದ್ರೂ ಎಲ್ಲಿದೆ?" ಬಡಗಿ ಮೇಷ್ಟ್ರು ಕೈಗೆ ಸಿಕ್ಕ ಸುಳ್ಳನ್ನು ಹಿಡಿದುಕೊಂಡರು. "ಕಾಲೇಜಿನ ಕಡೆ ಸೇತುವೆ ರಿಪೇರಿ ಅಂತ ಮುಚ್ಚಿದ್ದಾರೆ."

ವ್ಯಾನಿನ ಬಾನೆಟ್ಟಿಗೆ ಒರಗಿದ್ದ ತಮ್ಮ, ತೀರಿಹೋದವರ ಒಡಹುಟ್ಟಿದವನು, ಜೀವನವೆಲ್ಲ ಸ್ಟೀರಿಂಗ್ ಹಿಡಿದವನು, ಹುಬ್ಬು ಗಂಟಿಕ್ಕಿದ. "ಯಾವ ಸೇತುವೆ ಮೇಷ್ಟ್ರೇ? ಬೆಳಗ್ಗೆ ಅದರ ಮೇಲೇ ಬಂದೆನಲ್ಲ. ನನ್ನ ವ್ಯಾನೇನು ಈಜಿಕೊಂಡು ಬಂತಾ?"

"ಕೇಳಿದ್ರಲ್ಲ," ಎಂದು ಅತ್ತಿಗೆ ಒಳಗೆ ಹೋದರು.

*

ಅದು ಶಾಲೆ ಬಿಟ್ಟವರಿಗೆ, ಕೆಲಸ ಕಳೆದುಕೊಂಡವರಿಗೆ, ಒಟ್ಟಿನಲ್ಲಿ ಬೇರೆಲ್ಲೂ ಬೇಡವಾದವರಿಗೆ ಕೈಕಸುಬು ಕಲಿಸಲೆಂದು ಶುರುವಾದ ಕಾಲೇಜು. ಹಿಂದುಗಡೆ ತಗಡಿನ ಎರಡು ಶೆಡ್ಡು. ಒಂದರಲ್ಲಿ ಮರ, ಇನ್ನೊಂದರಲ್ಲಿ ಇಟ್ಟಿಗೆ. ಗಾರೆ ಮೇಷ್ಟ್ರ ಶೆಡ್ಡಿಗೆ ಸಿಮೆಂಟು ಕಾಲಿಡುವಂತಿರಲಿಲ್ಲ. ಬರೀ ಸುಣ್ಣ, ಮರಳು. ಸಿಮೆಂಟು ಬಿದ್ದರೆ ಗೋಡೆ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಬಿಚ್ಚುವುದು ಹೇಗೆ? ವಿದ್ಯಾರ್ಥಿಗಳು ಕಟ್ಟುತ್ತಿದ್ದರು, ಪರೀಕ್ಷಕರು ಬಂದು ತೂಗುಗುಂಡು ಇಳಿಬಿಟ್ಟು ನೋಡುತ್ತಿದ್ದರು, ಮಾರನೆಯ ದಿನ ಅದೇ ವಿದ್ಯಾರ್ಥಿಗಳು ಕೆಡವಿ, ಇಟ್ಟಿಗೆ ಕೆರೆದು ಒಟ್ಟುತ್ತಿದ್ದರು. ಮುಂದಿನ ವರ್ಷ ಅದೇ ಇಟ್ಟಿಗೆ, ಬೇರೆ ಕೈ.

"ನಾನು ಕಟ್ಟಿಸಿದ್ದನ್ನೆಲ್ಲ ಸಾಲಾಗಿ ನಿಲ್ಲಿಸಿದ್ರೆ ಊರು ದಾಟಿ ಹೋಗ್ತಿತ್ತು ಕಣೋ," ಎಂದು ಗಾರೆ ಮೇಷ್ಟ್ರು ನಿಟ್ಟುಸಿರು ಬಿಡುತ್ತಿದ್ದರು. "ಒಂದು ನಾಯಿಗಾದ್ರೂ ಉಪಯೋಗವಾಯ್ತಾ?"

"ನಾಯಿ ಒಂದು ಸಲ ಕಾಲೆತ್ತಿದ್ದನ್ನ ನಾನೇ ನೋಡಿದ್ದೀನಿ. ಅಷ್ಟರಮಟ್ಟಿಗೆ ಆಯ್ತು."

ವರ್ಷಕ್ಕೊಮ್ಮೆ ಎರಡೂ ಶೆಡ್ಡು ಒಂದಾಗುವ ದಿನ ಬರುತ್ತಿತ್ತು. ಕಮಾನಿನ ದಿನ. ಬಡಗಿ ಮೇಷ್ಟ್ರ ಹುಡುಗರು ಅರ್ಧಚಂದ್ರದಂತೆ ಮರದ ಅಚ್ಚು ಮಾಡಿ ನಿಲ್ಲಿಸಬೇಕು, ಗಾರೆ ಮೇಷ್ಟ್ರ ಹುಡುಗರು ಅದರ ಮೇಲೆ ಇಟ್ಟಿಗೆ ಏರಿಸಬೇಕು, ನೆತ್ತಿಯ ಇಟ್ಟಿಗೆ ಕೂರಿಸಿದ ಮೇಲೆ ಅಚ್ಚನ್ನು ಮೆಲ್ಲಗೆ ಕೆಳಗಿಳಿಸಬೇಕು. ಆ ಹೊತ್ತಿಗೆ ಶೆಡ್ಡಿನಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ಕಮಾನು ನಿಂತಾಗ, ಬದುಕಿನಲ್ಲಿ ಯಾವುದನ್ನೂ ನಿಲ್ಲಿಸಲಾರದೆ ಬಂದಿದ್ದ ಆ ಮಕ್ಕಳು ಕಿರುಚುತ್ತಿದ್ದ ಕಿರುಚು ರಸ್ತೆಯವರೆಗೆ ಕೇಳಿಸುತ್ತಿತ್ತು.

ಕಾಲೇಜು ಮಾತ್ರ ಬೆಳೆಯುತ್ತಿತ್ತು. ಪ್ರತಿ ವರ್ಷ ಪ್ರಿನ್ಸಿಪಾಲರು ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬಿಟ್ಟು, ಮೇಲಕ್ಕೆ ಏರುವ ಒಂದು ಗೆರೆ ತೋರಿಸುತ್ತಿದ್ದರು. ಹೋದ ವರ್ಷ ಗೆರೆ ತೋರಿಸಿದ ಮೇಲೆ ಹೇಳಿದರು: "ಬೆಳೀಬೇಕಂದ್ರೆ ಹಳೇದನ್ನ ಬಿಡಬೇಕು. ಇಟ್ಟಿಗೆಗೆ ಎಲ್ಲಿದೆ ಭವಿಷ್ಯ?" ಇಟ್ಟಿಗೆಯ ನಾಲ್ಕು ಗೋಡೆಗಳ ನಡುವೆ ಕೂತು ಆಡಿದ ಮಾತದು. ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬಡಗಿ ಮೇಷ್ಟ್ರೂ ತಟ್ಟಿದರು. ಕೈ ತಾನಾಗಿ ತಟ್ಟಿಬಿಟ್ಟಿತು.

ಒಂದೇ ಬೆಳಗಿನಲ್ಲಿ ಇಟ್ಟಿಗೆಯ ಶೆಡ್ಡು ಮಾಯವಾಯಿತು. ಆ ಜಾಗ ಕಾರು ನಿಲ್ಲಿಸುವ ಬಯಲಾಯಿತು. ಮುಂದುಗಡೆ ಗಾಜಿನ ಸ್ವಾಗತ ಕೋಣೆ ಎದ್ದಿತು. ಗಾರೆ ಕಲಿಯಲು ಬಂದಿದ್ದವರನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದರು. ಅವರು ಎಲ್ಲಿಗೆ ಹೋದರು, ಏನಾದರು ಎಂದು ಆ ಗೆರೆ ಹೇಳಲಿಲ್ಲ. ಗೆರೆ ಏರುತ್ತಲೇ ಇತ್ತು. ಗಾರೆ ಮೇಷ್ಟ್ರಿಗೆ ಬೆನ್ನ ಮೇಲೆ ಮಿಂಚುವ ಪಟ್ಟಿಯಿದ್ದ ಹಳದಿ ಅಂಗಿ ಕೊಟ್ಟು, ನಿವೃತ್ತಿಯವರೆಗೆ ಗಾಡಿಗಳಿಗೆ ದಾರಿ ತೋರಿಸಿಕೊಂಡಿರಿ ಎಂದರು.

*

ಬಡಗಿ ಮೇಷ್ಟ್ರು ಮನೆಯ ಹಿಂದೆ ಹೋಗಿ, ವಾಲಿದ ಬಚ್ಚಲ ಗೋಡೆಯ ಮರೆಯಲ್ಲಿ ಫೋನು ಕಿವಿಗಿಟ್ಟುಕೊಂಡರು. ಪ್ರಿನ್ಸಿಪಾಲರ ಬಳಿ ಅವರು ಎಂದೂ ಏನನ್ನೂ ಬೇಡಿದವರಲ್ಲ. ಇವತ್ತು ಬೇಡಬೇಕಾಗಿತ್ತು.

"ಸಾರ್, ನಮ್ಮವರು ಹೆಣ ತಗೊಂಡು ಕಾಲೇಜಿಗೆ ಬರ್ತೀವಿ ಅಂತಿದ್ದಾರೆ. ದಯವಿಟ್ಟು ಬೇಡ ಅಂದುಬಿಡಿ. ಗೇಟು ಹಾಕಿಸಿ. ಬೈದಾದ್ರೂ ಕಳಿಸಿ."

ಆ ಕಡೆ ಮೈಕು ಪರೀಕ್ಷಿಸುವ ಸದ್ದು. ಪ್ರಿನ್ಸಿಪಾಲರ ದನಿ ತುಪ್ಪ ಸವರಿದಂತೆ ನುಣುಪಾಗಿತ್ತು. "ಛೇ ಛೇ, ಏನ್ರೀ ಹೀಗಂತೀರಿ? ನಾವೇನು ಮನುಷ್ಯರಲ್ವಾ? ಬರಲಿ. ಅತಿಥಿಗಳು ಬರೋ ಮುಂಚೆ ಒಂದೈದು ನಿಮಿಷ ನಿಲ್ಲಿಸಿಕೊಳ್ಳಿ. ನಾನು ಭಾಷಣದಲ್ಲೂ ಅವರ ಹೆಸರು ಹೇಳ್ತೀನಿ. ನಮ್ಮ ಬೆಳವಣಿಗೆಗೆ ಅವರೂ ಒಂದು ಇಟ್ಟಿಗೆ ಇಟ್ಟವರೇ ಅಲ್ವಾ?"

ಇಡೀ ಜೀವಮಾನದಲ್ಲಿ ಆ ಮನುಷ್ಯ ತೋರಿಸಿದ ಒಂದೇ ಒಂದು ಕರುಣೆ ಈ ದಿನಕ್ಕೇ ಕಾದಿತ್ತು.

ಪೆಟ್ಟಿಗೆ ವ್ಯಾನಿನ ಹಿಂಬದಿ ಸೇರಿತು. ಅತ್ತಿಗೆ ಮುಂದಿನ ಸೀಟಿನಲ್ಲಿ ಕೂತರು. ಬಡಗಿ ಮೇಷ್ಟ್ರು ಹಿಂದೆ, ಪೆಟ್ಟಿಗೆಯ ಪಕ್ಕ, ಅದರ ಮೇಲೆ ಅಂಗೈ ಊರಿಕೊಂಡು.

"ಆ ಹುಡುಗಿ ಇವತ್ತು ಬಂದಿರ್ತಾಳಾ?" ಮುಂದಿನಿಂದ ಅತ್ತಿಗೆ ಕೇಳಿದರು. "ವಿಷಯ ತಿಳಿಸಿದ್ರಾ ಅವಳಿಗೆ?"

"ಇಲ್ಲ ಅತ್ತಿಗೆ."

"ತಿಳಿಸಬೇಕಿತ್ತು. ಮೊದಲೇ ತಾಯಿಯಿಲ್ಲದ ಕೂಸು. ಮೇಷ್ಟ್ರು ಅಂದ್ರೆ ಅವಳಿಗೆ ಎಷ್ಟು ಜೀವ."

*

"ಮನೇಲಿ ಹೇಳಬೇಡ ಕಣೋ," ಎಂದಿದ್ದರು ಗಾರೆ ಮೇಷ್ಟ್ರು, ಹಳದಿ ಅಂಗಿ ತೊಟ್ಟ ಮೊದಲ ಸಂಜೆ. "ನನ್ನ ಬಟ್ಟೆಯ ಸುಣ್ಣ ಒಗೆದು ಒಗೆದು ಅವಳ ಕೈ ಸುಲಿದು ಹೋಗಿದೆ. ಅದೆಲ್ಲ ಕೊನೆಗೆ ಈ ಹಳದಿ ಅಂಗಿಗಾಗಿ ಅಂತ ಹೇಗೆ ಹೇಳಲಿ?"

ಅಂದಿನಿಂದ ಬಡಗಿ ಮೇಷ್ಟ್ರ ಶೆಡ್ಡಿನ ಮೂಲೆಯಲ್ಲಿ ಒಂದು ಬಾಣಲೆ ಗಾರೆ ಸದಾ ಕಲಸಿಟ್ಟಿರುತ್ತಿತ್ತು. ಸಂಜೆ ಹಳದಿ ಅಂಗಿ ಕಳಚಿ, ತಮ್ಮ ಅಂಗಿ ತೊಟ್ಟು, ಗಾರೆಯಲ್ಲಿ ಕೈ ಅದ್ದಿ, ಮೊಣಕಾಲಿಗೆ ಎರಡು ಸಲ ಒರೆಸಿಕೊಂಡು ಮನೆಗೆ ಹೊರಡುತ್ತಿದ್ದರು. "ಬೆಳಗ್ಗೆ ಅವಳ ಬೈಗುಳ ಕೇಳಿದ್ರೇ ನಾನು ಮೇಷ್ಟ್ರು ಅಂತ ಅನ್ನಿಸೋದು."

ಮನೆಗೆ ಹೋದರೆ ಕಾಲೇಜಿನ ಸುದ್ದಿ ಹೇಳಬೇಕಲ್ಲ. ಹಾಗೆ ಹುಟ್ಟಿದವಳು ಆ ಹುಡುಗಿ. ಮೊದಮೊದಲು ಗಾರೆ ಸವರುವ ಕರಣೆ ಹಿಡಿಯಲೂ ಬಾರದವಳು. ಆಮೇಲೆ ಎಡಗೈಯವಳಾದಳು. ಆಮೇಲೆ ತಾಯಿಯಿಲ್ಲದವಳಾದಳು. ಅಷ್ಟು ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನದಿಂದ ಅತ್ತಿಗೆ ಎರಡು ಊಟದ ಡಬ್ಬಿ ಕಟ್ಟತೊಡಗಿದರು.

"ತಿನ್ನೋ," ಎಂದು ಗಾರೆ ಮೇಷ್ಟ್ರು ಎರಡನೆಯ ಡಬ್ಬಿಯನ್ನು ಗೆಳೆಯನ ಮುಂದೆ ದೂಡಿದ್ದರು. "ಇವತ್ತಿಂದ ನೀನೇ ನನ್ನ ತಬ್ಬಲಿ ಹುಡುಗಿ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೆಲವು ತಿಂಗಳಾದ ಮೇಲೆ ನಗುವುದು ನಿಂತಿತು. ಊಟ ಮಾತ್ರ ಬರುತ್ತಲೇ ಇತ್ತು.

ಮೊನ್ನೆ ಉರಿಬಿಸಿಲಿನಲ್ಲಿ, ಎರಡು ಕಾರುಗಳ ನಡುವೆ, ಗಾರೆ ಮೇಷ್ಟ್ರು ಎತ್ತಿದ ಕೈ ಎತ್ತಿದ ಹಾಗೇ ಕುಸಿದರು. ಬಡಗಿ ಮೇಷ್ಟ್ರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಮೊದಲು ಆ ಹಳದಿ ಅಂಗಿಯನ್ನು ಕಳಚಿ ಬಚ್ಚಿಟ್ಟರು. ಆಮೇಲೆ ಬಾಣಲೆಯಿಂದ ಒಂದು ಹಿಡಿ ಗಾರೆ ತಂದು, ಇನ್ನೂ ಬಿಸಿಯಾರದ ಆ ಬೆರಳುಗಳ ಸಂದಿಗೆ ಸವರಿದರು. ಅತ್ತಿಗೆಗೆ ಹೇಳಿದ್ದು: "ಪಾಠ ಮಾಡ್ತಾ ಮಾಡ್ತಾ ಕುಸಿದ್ರು."

*

ಗೇಟು ಹಾರು ಹೊಡೆದು ತೆರೆದಿತ್ತು. ಬಣ್ಣದ ಕಾಗದದ ಸರ, ಧ್ವನಿವರ್ಧಕ. ವ್ಯಾನು ಗಾಜಿನ ಕೋಣೆಯ ಮುಂದೆ ನಿಂತಿತು. ಅತ್ತಿಗೆ ಯಾರಿಗೂ ಕಾಯದೆ ಇಳಿದು ಒಳಗೆ ನಡೆದರು. ಬಡಗಿ ಮೇಷ್ಟ್ರು ಹಿಂದೆಯೇ ಓಡಿದರು.

ಮೊನ್ನೆಯವರೆಗೆ ಬರೀ ಬಿಳಿಯಿದ್ದ ಮೇಜಿನ ಹಿಂದಿನ ಗೋಡೆ ಇವತ್ತು ಕೆಂಪಗಿತ್ತು. ಸಾಲು ಸಾಲು ಇಟ್ಟಿಗೆ, ನಡುವೆ ಬಿಳಿ ಗೆರೆ. ಒಂದು ಕ್ಷಣ ಬಡಗಿ ಮೇಷ್ಟ್ರ ಎದೆ ಹಗುರಾಯಿತು.

"ಇದೇ ಅತ್ತಿಗೆ," ಎಂದುಬಿಟ್ಟರು. "ಇದೇ ಆ ಗೋಡೆ."

ಅತ್ತಿಗೆ ಹತ್ತಿರ ಹೋಗಿ ಅಂಗೈ ಇಟ್ಟರು. ಮೇಲಿಂದ ಕೆಳಗೆ ಸವರಿದರು. ಅವರ ಉಗುರು ಒಂದು ಅಂಚಿಗೆ ಸಿಕ್ಕಿ, ಇಟ್ಟಿಗೆಯ ಮೂಲೆ ಪರ್ರನೆ ಎದ್ದು ಬಂತು. ಕಾಗದ. ಇಟ್ಟಿಗೆಯ ಚಿತ್ರ ಅಚ್ಚಾಗಿದ್ದ ಕಾಗದ.

ಮೇಜಿನ ಹಿಂದೆ ಕೋಟು ತೊಟ್ಟು ನಿಂತಿದ್ದ ವಿದ್ಯಾರ್ಥಿನಿ, ಕಲಿಸಿಕೊಟ್ಟ ನಗು ನಕ್ಕಳು. "ನಮಸ್ಕಾರ ಮೇಡಂ, ನಮ್ಮ ಕಾಲೇಜಿಗೆ ಸ್ವಾಗತ. ಯಾವ ವಿಭಾಗ ನೋಡಬೇಕಿತ್ತು?"

"ಗಾರೆ ಕೆಲಸ ಕಲಿಸೋದು ಎಲ್ಲಮ್ಮ?"

"ಅಂಥದ್ದು ಇಲ್ಲಿಲ್ಲ ಮೇಡಂ."

"ಇದೆ. ಗಾರೆ ಮೇಷ್ಟ್ರು ಅಂತ. ಮೊನ್ನೆ ತೀರಿಕೊಂಡ್ರಲ್ಲ."

ಹುಡುಗಿಯ ಮುಖದಿಂದ ಕಲಿತ ನಗು ಬಿದ್ದುಹೋಗಿ, ಕೆಳಗಿದ್ದ ನಿಜವಾದ ಮುಖ ಕಾಣಿಸಿತು. "ಅಯ್ಯೋ, ಪಾರ್ಕಿಂಗ್ ತಾತನ ಮನೆಯವರಾ? ಪಾಪ, ತುಂಬಾ ಒಳ್ಳೆಯವರು, ಅಜ್ಜಿ. ನಮ್ಮ ಸೈಕಲ್ಲನ್ನೂ ನೆರಳಿಗೆ ಎತ್ತಿ ಇಡ್ತಿದ್ರು."

ಅತ್ತಿಗೆ ಗಾಜಿನಾಚೆ ನೋಡಿದರು. ಕಾರುಗಳ ಬಯಲು, ನೆಲದ ಮೇಲೆ ಬಳಿದ ಬಿಳಿ ಪಟ್ಟೆಗಳು. ಆಮೇಲೆ ತಿರುಗದೆಯೇ ಕೇಳಿದರು.

"ಎಷ್ಟು ದಿನದಿಂದ?"

"ಒಂದು ವರ್ಷ," ಎಂದರು ಬಡಗಿ ಮೇಷ್ಟ್ರು.

"ಹುಡುಗಿ?"

ಬಡಗಿ ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಅತ್ತಿಗೆಗೆ ಅದು ಗಾಜಿನಲ್ಲಿ ಕಂಡಿತು.

"ಊಟ ಕಳಿಸ್ತಿದ್ದೆನಲ್ಲ."

"ನಾನು ಉಂಡೆ, ಅತ್ತಿಗೆ."

"ಒಂದು ದಿನ ಉಪ್ಪು ಜಾಸ್ತಿ ಅಂದಿದ್ದಳಂತೆ."

"ನಾನೇ ಅಂದಿದ್ದು."

ಅತ್ತಿಗೆಯ ತುಟಿ ಅಲುಗಿತು. ಅಳುತ್ತಾರೆ ಎಂದುಕೊಂಡರು ಬಡಗಿ ಮೇಷ್ಟ್ರು. ಅಳಲಿಲ್ಲ. ಬೈಯಲೂ ಇಲ್ಲ. "ಅವಳಿಗೆ ಅಂತ ಒಂದು ಸ್ವೆಟರ್ ಹೆಣೀತಿದ್ದೆ," ಎಂದರು. "ತೋಳು ಮಾತ್ರ ಬಾಕಿಯಿತ್ತು." ಹಾಗೆಂದು ಯಾರನ್ನೂ ನೋಡದೆ ನಡೆದುಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ಗೇಟಿನ ಕಡೆಯಿಂದ ಹಾರ್ನುಗಳು ಶುರುವಾದವು. ಒಂದರ ಹಿಂದೊಂದು ಕಾರು ಸಿಕ್ಕಿಬಿದ್ದಿದ್ದವು. ಪ್ರಿನ್ಸಿಪಾಲರು ಎದೆಯ ಬ್ಯಾಡ್ಜು ಕುಣಿಸುತ್ತಾ ಓಡಿ ಬಂದು, ಬಡಗಿ ಮೇಷ್ಟ್ರ ಭುಜದ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು.

"ಮುಖ್ಯ ಅತಿಥಿಗಳು ಗೇಟಲ್ಲೇ ನಿಂತುಬಿಟ್ಟಿದ್ದಾರೆ ಮೇಷ್ಟ್ರೇ. ಗಾಡಿಗಳಿಗೆ ದಾರಿ ತೋರಿಸೋಕೆ ಇವತ್ತು ಯಾರೂ ಇಲ್ಲ, ನಿಮಗೇ ಗೊತ್ತಲ್ಲ. ಆ ವ್ಯಾನನ್ನ ಸ್ವಲ್ಪ ಹಿಂದೆ ತೆಗೆಸಿ ಉಳಿದವರನ್ನ ಒಳಗೆ ಬಿಡ್ತೀರಾ? ಇದೊಂದು ಉಪಕಾರ. ಹೇಗಿದ್ರೂ ಮುಂದಿನ ವರ್ಷದಿಂದ ಮರದ ವಿಭಾಗವೂ... ಅದಿರಲಿ, ಆಮೇಲೆ ಕೂತು ಮಾತಾಡೋಣ."

ಬಡಗಿ ಮೇಷ್ಟ್ರಿಗೆ ಹೇಳಬೇಕಾದ್ದು ಗಂಟಲವರೆಗೆ ಬಂತು. ಪುಸ್ತಕಗಳಲ್ಲಿ ಓದಿದ್ದು, ಸಭೆಗಳಲ್ಲಿ ಕೇಳಿದ್ದು, ಇಷ್ಟು ವರ್ಷ ಮರ ಕೀಸುತ್ತಾ ತಮಗೆ ತಾವೇ ಆಡಿಕೊಂಡದ್ದು. ಹಾರ್ನು ಒಂದೇ ಸಮನೆ ಕೂಗುತ್ತಿತ್ತು. ಪೆಟ್ಟಿಗೆಯೊಳಗಿದ್ದವರಿಗೂ ಗೇಟು ದಾಟಿ ಹೋಗಲು ದಾರಿಯಿರಲಿಲ್ಲ. ಯಾರಾದರೂ ದಾರಿ ಬಿಡಿಸಲೇಬೇಕಿತ್ತು.

ಅವರು ಬಿಳಿ ಪಟ್ಟೆಗಳ ನಡುವೆ ಹೋಗಿ ನಿಂತರು. ಗಾಯದ ಕೈಯನ್ನು ಮೇಲೆತ್ತಿದರು. ಎದುರಿನ ಮೊದಲ ಕಾರು, ಬಹಳ ದಿನದ ರೂಢಿಯೆಂಬಂತೆ, ಆ ಕೈಗೆ ನಿಂತಿತು.

"ಬರಲಿ," ಎಂದರು ವ್ಯಾನಿನ ಸ್ಟೀರಿಂಗ್ ಹಿಡಿದಿದ್ದ ತಮ್ಮನಿಗೆ. "ಬರಲಿ... ಬರಲಿ..."

ಧ್ವನಿವರ್ಧಕದಲ್ಲಿ ಪ್ರಗತಿ ವರದಿ ಶುರುವಾಯಿತು. ವ್ಯಾನು ಹಿಂದಕ್ಕೆ, ಅವರ ಕಡೆಗೆ, ಒಂದೊಂದೇ ಗೇಣು ಸರಿಯತೊಡಗಿತು. ಹಿಂಬದಿಯ ಗಾಜಿನಲ್ಲಿ ಪೆಟ್ಟಿಗೆಯ ತುದಿ. ಪಕ್ಕದ ಕನ್ನಡಿಯಲ್ಲಿ ಅತ್ತಿಗೆಯ ಕಣ್ಣು, ರೆಪ್ಪೆ ಮಿಟುಕಿಸದೆ, ಅವರ ಎತ್ತಿದ ಕೈಯನ್ನೇ ನೋಡುತ್ತಿತ್ತು.

"ಇನ್ನೂ ಬರಲಿ," ಎಂದರು. ಜಾಗ ಇನ್ನೂ ಇತ್ತು.